ಮುನಿಯಾಂಡಿಯ ಮಗಳು

ಫೋಟೋಗಳಲ್ಲಿ ಭಾರತೀಯ ನಾನು.

ನಮ್ಮ ಬಡಾವಣೆಯ ಯಾವ ಕರಪತ್ರ ತೆಗೆದು ನೋಡಿದರೂ ಸಿಗುತ್ತೇನೆ. ಎಡದಿಂದ ನಾಲ್ಕನೆಯವನು. ಸಸಿ ನೆಡುವಾಗ ಇದ್ದೇನೆ. ಸೊಳ್ಳೆಯ ವಿರುದ್ಧ ಪ್ರತಿಜ್ಞೆ ಮಾಡುವಾಗ ಇದ್ದೇನೆ. ಹೊಸ ಲಿಫ್ಟಿನ ರಿಬ್ಬನ್ ಕತ್ತರಿಸುವಾಗಲೂ ಇದ್ದೇನೆ. ಸಿಂಗಪುರದಲ್ಲಿ ಇಂಥ ಫೋಟೋಗೆ ನಾಲ್ಕು ಬಗೆಯ ಜನ ಬೇಕು: ಚೀನಿ, ಮಲಯ, ಭಾರತೀಯ, ಇತರೆ. ಇತರೆ ಸಿಗದಿದ್ದರೆ ನಡೆಯುತ್ತದೆ. ಭಾರತೀಯ ಇಲ್ಲದಿದ್ದರೆ ನಡೆಯುವುದಿಲ್ಲ. ಆದ್ದರಿಂದ ಕಚೇರಿಯ ಬೀರುವಿನಲ್ಲಿ, ಕಡತಗಳ ಪಕ್ಕ, ಒಂದು ರೇಷ್ಮೆ ಜುಬ್ಬಾ ನೇತಾಡುತ್ತಿರುತ್ತದೆ. ಅದು ನನ್ನದಲ್ಲ, ನಿವಾಸಿಗಳ ಸಮಿತಿಯದು. ನನಗಿಂತ ಹಿಂದಿನ ಭಾರತೀಯನ ಅಳತೆಗೆ ಹೊಲಿಸಿದ್ದು. ಕಂಕುಳಲ್ಲಿ ಬಿಗಿಯುತ್ತದೆ.

ಹೆಸರು ತವಮಣಿ. ಬಡಾವಣೆಯ ಕಚೇರಿಯಲ್ಲಿ ಗುಮಾಸ್ತ. ಮೊದಲು ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೆ. ಮೂವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡಿದೆ. ಅರ್ಜಿ ಬರೆಯುವುದರಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಈ ಕಥೆಯಲ್ಲಿ ಬರುವ ಅರ್ಜಿಗಳನ್ನೆಲ್ಲ ಬರೆದವನು ನಾನೇ. ಒಂದರಲ್ಲೂ ವ್ಯಾಕರಣದ ತಪ್ಪಿರಲಿಲ್ಲ. ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಬಹಳ ದಿನ ಯೋಚಿಸಿದೆ. ಅಂಜಲೈ ಅಕ್ಕನಿಗೆ ಬರೆಯಲು ಬರುವುದಿಲ್ಲ. ನನಗೆ ಬರುತ್ತದೆ. ಅಷ್ಟೇ ಕಾರಣ.

ಅಂಜಲೈ ಅಕ್ಕ ನಲವತ್ತೊಂದನೇ ಬ್ಲಾಕಿನ ಕಸ ತೆಗೆಯುವವಳು. ಅರವತ್ತೈದು ವರ್ಷ. ಬೆಳಿಗ್ಗೆ ಐದಕ್ಕೆ ಬರುತ್ತಾಳೆ. ಹನ್ನೆರಡು ಮಹಡಿಯ ಕಸ ಒಂದೇ ಕೊಳವೆಯೊಳಗಿಂದ ಕೆಳಗೆ ಬೀಳುತ್ತದೆ. ಕೊಳವೆಯ ಬುಡದಲ್ಲಿ ಒಂದು ಕಬ್ಬಿಣದ ಬಾಗಿಲು. ಅದನ್ನು ತೆಗೆದು, ಬಗ್ಗಿ, ಒಳಗಿರುವುದನ್ನು ಬಾಚಿ ತಳ್ಳುಗಾಡಿಗೆ ತುಂಬಬೇಕು. ಮೀನಿನ ಕರುಳು, ಮಕ್ಕಳ ಡೈಪರು, ಒಡೆದ ಗಾಜು. ಜಿರಲೆಗಳು ಮೊಣಕೈವರೆಗೆ ಹತ್ತುತ್ತವೆ. ಆಮೇಲೆ ಮೆಟ್ಟಿಲು ಗುಡಿಸಬೇಕು. ಆಮೇಲೆ ಲಿಫ್ಟು. ಲಿಫ್ಟಿನಲ್ಲಿ ಯಾರೋ ಉಚ್ಚೆ ಹೊಯ್ದಿರುತ್ತಾರೆ. ಯಾವ ಜನಾಂಗದವರು ಎಂದು ಉಚ್ಚೆಯಿಂದ ತಿಳಿಯುವುದಿಲ್ಲ.

ಬ್ಲಾಕಿನ ಕೆಳಗೆ ಗೋಡೆಗಳಿಲ್ಲದ ಹಜಾರವಿದೆ. ಒಂದು ವಾರ ಅಲ್ಲಿ ಮಲಯರ ಮದುವೆ, ಮುಂದಿನ ವಾರ ಚೀನಿಯರ ಸಾವು. ಮದುವೆಯ ಅನ್ನವನ್ನೂ ಸಾವಿಗೆ ಸುಟ್ಟ ಕಾಗದದ ಬೂದಿಯನ್ನೂ ಅವಳು ಒಂದೇ ಪೊರಕೆಯಲ್ಲಿ ಗುಡಿಸುತ್ತಾಳೆ. ನಾಲ್ಕು ಜನಾಂಗಗಳ ಸಾಮರಸ್ಯದ ಬಗ್ಗೆ ನಮ್ಮ ಕಚೇರಿಯ ಗೋಡೆಗೆ ಒಂದು ದೊಡ್ಡ ಚಿತ್ರಪಟ ಹಾಕಿದ್ದಾರೆ. ಅದರ ಮೇಲಿನ ಧೂಳು ಒರೆಸುವವಳೂ ಅವಳೇ.

ಅಂಜಲೈ ಅಕ್ಕನ ಮುಖ ಚೀನಿ. ಕಣ್ಣು, ಕೆನ್ನೆ, ಮೈಬಣ್ಣ, ಎಲ್ಲ ಚೀನಿ. ಮಾತು ಮಾತ್ರ ನಮ್ಮಮ್ಮನ ತಮಿಳು. ಅವಳು ಹುಟ್ಟಿದ್ದು ಹುಲಿಯ ವರ್ಷದಲ್ಲಿ. ಹುಲಿಯ ವರ್ಷದ ಹೆಣ್ಣುಮಗು ಮನೆಗೆ ಕೇಡು ಎಂದು ಆ ಕಾಲದ ಚೀನಿಯರಲ್ಲಿ ಕೆಲವರು ನಂಬಿದ್ದರು. ಹೆತ್ತವರು ಹನ್ನೆರಡು ದಿನದ ಮಗುವನ್ನು ಸೂಲಗಿತ್ತಿಯ ಕೈಯಲ್ಲಿಟ್ಟರು. ಸೂಲಗಿತ್ತಿ ಅದನ್ನು ಚರಂಡಿ ತೋಡುವ ಮುನಿಯಾಂಡಿಯ ಮನೆಗೆ ತಂದಳು. ಅವನ ಹೆಂಡತಿಯ ಕೂಸು ಆ ವಾರ ಸತ್ತಿತ್ತು. ಎದೆಯಲ್ಲಿ ಹಾಲಿತ್ತು. ಮನೆಯಲ್ಲಿ ಆಗಲೇ ಮೂರು ವರ್ಷದ ಹುಡುಗಿ ಇದ್ದಳು, ಕನಕಂ.

ಜನನ ಬರೆಸಲು ಮುನಿಯಾಂಡಿ ಒಬ್ಬನೇ ಹೋದ. ದತ್ತು ಎಂದು ಬರೆಸಬೇಕು ಎಂದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಾಯಿ ಬರಲಿಲ್ಲವೋ. ಯಾರ ಮಗು ಎಂದು ಕೇಳಿದರು. ನನ್ನದು ಎಂದ. ಅವರು ಬರೆದುಕೊಂಡರು. ಹೀಗೆ ಅವಳು ಕಾಗದದಲ್ಲಿ ಅಂಜಲೈ ಡಿ/ಓ ಮುನಿಯಾಂಡಿ, ಜನಾಂಗ ಭಾರತೀಯ. ಮುಂದೆ ಗುರುತಿನ ಕಾರ್ಡಿಗೂ ಅದೇ ಬಂತು.

ಡಿ/ಓ ಎಂದರೆ ಇಂಥವರ ಮಗಳು. ನಮ್ಮ ಹೆಂಗಸರ ಹೆಸರುಗಳ ನಡುವೆ ಈ ಎರಡು ಅಕ್ಷರ, ಒಂದು ಓರೆಗೆರೆ ಇರುತ್ತದೆ. ಯಾರೂ ಪೂರ್ತಿ ಓದುವುದಿಲ್ಲ. ಕಸದ ಗುತ್ತಿಗೆದಾರನ ಹಾಜರಿ ಯಂತ್ರ ಓರೆಗೆರೆಯನ್ನು ನುಂಗಿ, ಮುನಿಯಾಂಡಿಯನ್ನೂ ನುಂಗಿ, 'ಡೋ ಅಂಜಲೈ' ಎಂದು ಮುದ್ರಿಸಿತು. ಡೋ ಎಂದರೆ ಚೀನಿ ಮನೆತನದ ಹೆಸರಿರಬೇಕು ಎಂದು ಮೇಲ್ವಿಚಾರಕ ತಿಳಿದ. ಮುಖ ನೋಡಿದ. ಅವನಿಗೆ ಅನುಮಾನ ಉಳಿಯಲಿಲ್ಲ. ಹನ್ನೊಂದು ವರ್ಷದಿಂದ ಅವನು ಅವಳನ್ನು 'ಮೇಡಮ್ ಡೋ' ಎಂದೇ ಕರೆಯುತ್ತಾನೆ.

"ಹೇಳ್ಬಾರ್ದಾ ಅಕ್ಕಾ, ಅದು ನಿಮ್ಮ ಹೆಸರಲ್ಲ ಅಂತ?" ಎಂದು ಒಮ್ಮೆ ಕೇಳಿದ್ದೆ.

"ಹೇಳಿದ್ದೆ. ಅದಕ್ಕೆ ಹಾಗಾದ್ರೆ ನೀವು ಯಾರು ಅಂದ. ಆ ಕಥೆ ಹೇಳೋ ಹೊತ್ತಿಗೆ ಎಂಟನೇ ಮಹಡಿ ಗುಡಿಸಿರ್ತೀನಿ, ತಮ್ಮಾ."

ಅವಳಿಗೆ ಮದುವೆಯಾಗಲಿಲ್ಲ. ತಮಿಳಿನ ಗಂಡುಗಳು ಬಂದು ಮುಖ ನೋಡಿ ಎದ್ದುಹೋದರು. ಚೀನಿ ಗಂಡುಗಳು ಹೆಸರು ಕೇಳಿ ಬರಲೇ ಇಲ್ಲ.

ಕನಕಂ ಅಕ್ಕ ನಲವತ್ತೊಂದನೇ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿದ್ದಳು. ಆ ವರ್ಷದ ಆರಂಭದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ಮೂತ್ರಪಿಂಡ ಮೊದಲೇ ಹೋಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನು ಕೊಳೆಯುತ್ತದೆ. ಅದು ಎರಡು ಕೋಣೆಯ ಮನೆ. ಅಲ್ಲಿ ಮಗ, ಸೊಸೆ, ಮೂರು ಮಕ್ಕಳು. ಮಗ ಸೊಸೆ ಇಬ್ಬರೂ ಪಾಳಿ ಕೆಲಸಕ್ಕೆ ಹೋಗುವವರು. ಬೆನ್ನು ಕೊಳೆಯತೊಡಗಿತು.

ಅಂಜಲೈ ಅಕ್ಕ ಗುಡಿಸುವ ನಡುವೆ ನಾಲ್ಕನೇ ಮಹಡಿಗೆ ಓಡುತ್ತಿದ್ದಳು. ತಿರುಗಿಸಿ, ಒರೆಸಿ, ಪುಡಿ ಹಾಕಿ ಓಡಿಬರುತ್ತಿದ್ದಳು. ಕೆಲಸ ಮುಗಿದ ಮೇಲೆ ಒಂಬತ್ತನೇ ಬ್ಲಾಕಿನ ತನ್ನ ಮನೆಗೆ ಹೋಗಬೇಕು. ಅಕ್ಕನನ್ನು ಅಲ್ಲಿಗೇ ಕರೆದುಕೊಂಡು ಹೋಗುವಂತಿಲ್ಲ. ಒಂಬತ್ತನೇ ಬ್ಲಾಕು ಹಳೆಯ ಕಟ್ಟಡ, ಲಿಫ್ಟಿಲ್ಲ. ಅವಳ ಮನೆ ತುದಿಯ ಮಹಡಿಯಲ್ಲಿದೆ.

ಅಷ್ಟರಲ್ಲಿ ಕನಕಂ ಅಕ್ಕನ ಎದುರುಮನೆಯ ಮುದುಕ ತಿಯೋ, ಮಗಳ ಜೊತೆ ಇರಲು ಹೋಗುತ್ತೇನೆ, ಮನೆ ಮಾರುತ್ತೇನೆ ಎಂದ. ಅಂಜಲೈ ಅಕ್ಕ ತನ್ನ ಮನೆ ಮಾರಿ ಅದನ್ನು ಕೊಳ್ಳುತ್ತೇನೆ ಎಂದಳು. ಇಬ್ಬರಿಗೂ ಒಪ್ಪಿಗೆಯಾಯಿತು. ಬಾಗಿಲಿನಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಅವಳು ಅಳೆದಿದ್ದಳು. ಅಕ್ಕನನ್ನು ಹನ್ನೊಂದು ಹೆಜ್ಜೆ ಎತ್ತಿಕೊಂಡು ಬಂದರೆ ಸಾಕು.

ಅರ್ಜಿ ನಾನು ಬರೆದೆ. ಉತ್ತರ ಎರಡು ವಾರದಲ್ಲಿ ಬಂತು. ಒಂದೇ ಪುಟ. 'ಸದರಿ ಬ್ಲಾಕಿನಲ್ಲಿ ಭಾರತೀಯ ಮತ್ತು ಇತರೆ ಜನಾಂಗಗಳ ಮಿತಿ ತಲುಪಿರುವುದರಿಂದ ನಿಮ್ಮ ಕೋರಿಕೆಯನ್ನು ಪರಿಗಣಿಸಲು ಆಗುವುದಿಲ್ಲ.'

ಒಂದೊಂದು ಬ್ಲಾಕಿನಲ್ಲಿ ಯಾವ ಜನಾಂಗದವರ ಮನೆ ಎಷ್ಟಿರಬಹುದು ಎಂಬುದಕ್ಕೆ ಮಿತಿಯಿದೆ. ಒಂದೇ ಜನಾಂಗದವರು ಒಂದೇ ಕಡೆ ಗುಂಪುಗೂಡಬಾರದು, ಎಲ್ಲರೂ ಬೆರೆತು ಬಾಳಬೇಕು. ಉದ್ದೇಶ ಒಳ್ಳೆಯದು. ಸಂಜೆ ತರಗತಿಯಲ್ಲಿ ನಾನು ಇದರ ಮೇಲೆ ಪ್ರಬಂಧ ಬರೆದಿದ್ದೆ. ಇಪ್ಪತ್ತಕ್ಕೆ ಹದಿನೆಂಟು ಬಂದಿತ್ತು.

ಕಾಫಿಗೆ ಇಲ್ಲಿ ಕೋಪಿ ಎನ್ನುತ್ತಾರೆ. ಕೋಪಿ ಅಂಗಡಿಯಲ್ಲಿ ಕಾಗದವನ್ನು ತಮಿಳಿನಲ್ಲಿ ಓದಿ ಹೇಳಿದೆ. ಅಂಜಲೈ ಅಕ್ಕನ ಜೊತೆ ಪಕ್ಕದ ಬ್ಲಾಕು ಗುಡಿಸುವ ಜೈತೋನ್ ಇದ್ದಳು. ಮಲಯದವಳು, ಬಾಯಿ ಜೋರು.

"ಅಂದ್ರೆ ಏನು?" ಎಂದಳು ಅಂಜಲೈ ಅಕ್ಕ.

"ಭಾರತೀಯರು ಭರ್ತಿ ಆಗಿದ್ದಾರೆ ಅಕ್ಕಾ. ಇನ್ನು ಜಾಗ ಇಲ್ಲ."

"ಮನೆ ಖಾಲಿ ಇದೆಯಲ್ಲ?"

"ಮನೆ ಖಾಲಿ ಇದೆ. ಭಾರತೀಯರು ಭರ್ತಿ."

ಜೈತೋನ್ ಕೋಪಿಯನ್ನು ತಟ್ಟೆಗೆ ಸುರಿದುಕೊಂಡು ಊದಿದಳು. "ನಮ್ಮೋರಿಗೆ ಜಾಗ ಇದೆಯಾ ಆ ಬ್ಲಾಕಲ್ಲಿ?"

"ಇದೆ."

"ಹಾಗಾದ್ರೆ ನಮ್ಮ ತಮ್ಮನ್ನ ಮದ್ವೆ ಆಗಿಬಿಡೇ ಅಂಜಲೈ. ಮನೆ ಅವನ ಹೆಸರಲ್ಲಿ ತಗೊಳ್ಳಿ. ಹಲ್ಲಿಲ್ಲ, ಗೊರಕೆ ಹೊಡೀತಾನೆ, ಆದ್ರೆ ಜನಾಂಗ ಸರಿಯಾಗಿದೆ."

"ಹಲ್ಲಿಲ್ದೋನು ನಂಗ್ಯಾಕೆ? ನಿನ್ನ ಗಂಡನ್ನೇ ಕೊಡು."

"ಅವನ್ನ ತಗೊಂಡು ಹೋಗು, ಪುಣ್ಯ ಬರುತ್ತೆ."

ಇಬ್ಬರೂ ನಕ್ಕರು. ಆಮೇಲೆ ಅಂಜಲೈ ಅಕ್ಕ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. "ಇದನ್ನ ಬರ್ದೋನು ನನ್ನ ಮುಖ ನೋಡಿದ್ದಾನಾ?" ಎಂದಳು.

"ಮುಖ ನೋಡೋದಿಲ್ಲ ಅಕ್ಕಾ. ಕಾರ್ಡು ನೋಡ್ತಾರೆ."

ಆ ವರ್ಷ ಚುನಾವಣೆ. ಚುನಾವಣೆ ಮೊದಲೂ ಆಗುತ್ತಿತ್ತು, ಆದರೆ ನಮ್ಮ ಕ್ಷೇತ್ರದಲ್ಲಿ ಎದುರು ಯಾರೂ ನಿಲ್ಲುತ್ತಿರಲಿಲ್ಲ. ನಾಮಪತ್ರ ಕೊಟ್ಟ ದಿನವೇ ಗೆದ್ದವರು ಲಾರಿ ಹತ್ತಿ ಧನ್ಯವಾದ ಹೇಳುತ್ತಾ ಹೋಗುತ್ತಿದ್ದರು. ನನಗೆ ನಲವತ್ತು ತುಂಬಿತ್ತು, ಓಟಿನ ಚೀಟಿ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಅಂಜಲೈ ಅಕ್ಕ ಕೊನೆಯ ಸಲ ಯಾವಾಗ ಓಟು ಹಾಕಿದ್ದಳೋ ಅವಳಿಗೇ ನೆನಪಿರಲಿಲ್ಲ. ಈ ಸಲ ಎದುರು ಪಕ್ಷ ನಿಲ್ಲುತ್ತದೆ ಎಂದು ಸುದ್ದಿಯಾಯಿತು. ನಮ್ಮಲ್ಲಿ ಐದು ಜನ ಒಂದು ತಂಡವಾಗಿ ನಿಲ್ಲಬೇಕು. ಐವರಲ್ಲಿ ಒಬ್ಬರಾದರೂ ಅಲ್ಪಸಂಖ್ಯಾತರಿರಬೇಕು. ಅವರು ನಿಜವಾಗಿಯೂ ಅಲ್ಪಸಂಖ್ಯಾತರೇ ಎಂದು ಒಂದು ಸಮಿತಿ ಪತ್ರ ಕೊಡಬೇಕು.

"ನಮ್ಮ ಅಂಜಲೈನ ಆ ಸಮಿತಿ ಮುಂದೆ ಕೂರಿಸ್ಬೇಕಿತ್ತು," ಎಂದಳು ಜೈತೋನ್. "ತಲೆ ಕೆರ್ಕೊಂಡು ಮನೆಗೆ ಹೋಗಿಬಿಡೋರು."

ಫೋಟೋ ಮತ್ತೆ ಬಂತು. ಭಾನುವಾರ ಬೆಳಿಗ್ಗೆ ಎಂ.ಪಿ. ನಲವತ್ತೊಂದನೇ ಬ್ಲಾಕಿಗೆ ಬರುತ್ತಾರೆ, ಕೆಳಗಿನ ಹಜಾರದಲ್ಲಿ ನಿವಾಸಿಗಳ ಜೊತೆ ಫೋಟೋ. ನಿವಾಸಿಗಳ ಸಮಿತಿಯ ಅಧ್ಯಕ್ಷರು ಕ್ವೆಕ್ ಎಂಬವರು. ನಿವೃತ್ತ ಮೇಷ್ಟ್ರು. ಯಾರ ಮೇಲೂ ದನಿ ಎತ್ತಿದವರಲ್ಲ. ನನ್ನ ಸಂಜೆ ತರಗತಿಗೆ ಅವರೇ ಶಿಫಾರಸು ಬರೆದುಕೊಟ್ಟಿದ್ದರು. ಇದನ್ನೂ ಹೇಳಬೇಕು.

"ಮಿಸ್ಟರ್ ತವಮಣಿ, ಈ ಸಲ ಭಾರತೀಯ ಮಹಿಳೆ ಇದ್ರೆ ಚೆನ್ನಾಗಿರುತ್ತೆ. ಸೀರೆ ಉಟ್ಟವರು. ಬಣ್ಣ ಬರುತ್ತೆ. ಆ ಬ್ಲಾಕಲ್ಲೇ ಯಾರಾದ್ರೂ ಇರ್ತಾರಲ್ಲ, ನೋಡಿ."

ನೋಡಿದೆ. ಭಾರತೀಯರು ಭರ್ತಿಯಾದ ಬ್ಲಾಕು. ಹದಿನಾಲ್ಕು ಮನೆಯ ಬಾಗಿಲು ತಟ್ಟಿದೆ. ಒಬ್ಬಳು ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಇಬ್ಬರು ದೇವಸ್ಥಾನಕ್ಕೆ. ಒಬ್ಬಳು ಬಾಗಿಲು ಅರ್ಧ ತೆರೆದು, "ಹೋದ ಸಲ ಬಂದಿದ್ದೆ. ಪೇಪರಲ್ಲಿ ನನ್ನ ಮೊಣಕೈ ಬಂದಿತ್ತು," ಎಂದು ಹಾಕಿಕೊಂಡಳು. ಯಾರೂ ಸಿಗಲಿಲ್ಲ. ಆಗ ನನಗೆ ಅಂಜಲೈ ಅಕ್ಕನ ನೆನಪಾಯಿತು. ಕಾರ್ಡಿನಲ್ಲಿ ಭಾರತೀಯಳು, ಮಹಿಳೆ, ಸೀರೆ ಉಡಲು ಬರುತ್ತದೆ. ಎಂ.ಪಿ. ಎದುರು ಮನೆಯ ವಿಷಯ ಎರಡು ಮಾತು ಹೇಳಲೂ ಆಗುತ್ತದೆ. ನನಗೆ ಅದು ಒಳ್ಳೆಯ ಉಪಾಯ ಅನಿಸಿತು.

ಆ ಭಾನುವಾರ ಅವಳು ನಾಲ್ಕಕ್ಕೇ ಬಂದಳು. ಫೋಟೋ ತೆಗೆಯುವ ಹಜಾರವನ್ನು ತಾನೇ ಪೈಪು ಹಿಡಿದು ತೊಳೆದಳು. ಕಂಬಗಳನ್ನು ಉಜ್ಜಿದಳು. ಆಮೇಲೆ ನಾಲ್ಕನೇ ಮಹಡಿಗೆ ಹೋಗಿ ಸ್ನಾನ ಮಾಡಿ, ಕನಕಂ ಅಕ್ಕನ ಮದುವೆಯ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಣೆಗೆ ದೊಡ್ಡ ಕುಂಕುಮ ಇಟ್ಟು ಇಳಿದು ಬಂದಳು. ಕೈಯ ಬೆರಳ ಸಂದುಗಳು ಫಿನಾಯಿಲಿಗೆ ಬಿಳಿಚಿಕೊಂಡಿದ್ದವು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಫೋಟೋದವನ ಕೈಯಲ್ಲಿ ಒಂದು ಪಟ್ಟಿಯಿತ್ತು. ಚೀನಿ ಮೂರು, ಮಲಯ ಎರಡು, ಭಾರತೀಯ ಒಂದು, ಇತರೆ ಸಾಧ್ಯವಾದರೆ. ಅವನು ಅವಳನ್ನು ಚೀನಿಯರ ಸಾಲಿಗೆ ಕಳಿಸಿದ.

"ಆಂಟಿ, ವೇಷ ಚೆನ್ನಾಗಿದೆ. ಇಂಡಿಯನ್ ಎಲ್ಲಿ ಹಾಗಾದ್ರೆ?"

"ನಾನೇ," ಎಂದಳು.

ಅವನು ನಕ್ಕ. ತಮಾಷೆ ಎಂದುಕೊಂಡ. ಅವಳು ನಗಲಿಲ್ಲ. ಅವನು ಕ್ವೆಕ್ ಅವರ ಕಡೆ ನೋಡಿದ. ಕ್ವೆಕ್ ನನ್ನನ್ನು ಕಂಬದ ಮರೆಗೆ ಕರೆದರು.

"ಇದು ಹೇಗಾಗುತ್ತೆ, ಮಿಸ್ಟರ್ ತವಮಣಿ? ಚೀನಿ ಹೆಂಗಸಿಗೆ ಸೀರೆ ಉಡಿಸಿ ನಿಲ್ಲಿಸಿದ್ದಾರೆ ಅಂತ ಎದುರು ಪಕ್ಷದವರು ಆಡ್ಕೊಳಲ್ವಾ?"

"ಕಾರ್ಡಲ್ಲಿ ಭಾರತೀಯ ಅಂತಾನೇ ಇದೆ, ಸರ್."

"ಫೋಟೋದಲ್ಲಿ ಕಾರ್ಡು ಕಾಣೋದಿಲ್ಲ. ಮುಖ ಕಾಣುತ್ತೆ. ನೀವೇ ನಿಂತ್ಕೊಳ್ಳಿ. ಬೇಗ."

ನಾನು ಬೀರುವಿನಿಂದ ಜುಬ್ಬಾ ತಂದು ಹಾಕಿಕೊಂಡೆ. ಅವಳಿಗೆ ಕ್ಯಾಮೆರಾದ ಹಿಂದೆ ನಿಲ್ಲಲು ಹೇಳಿದರು. ನಿಂತಳು. ಎಂ.ಪಿ. ಬಂದರು, ಎಲ್ಲರ ಕೈ ಕುಲುಕಿದರು. ಅವಳ ಹತ್ತಿರ ಬಂದು ಚೀನಿ ಭಾಷೆಯಲ್ಲಿ ಕುಶಲ ಕೇಳಿದರು. ಅವಳು ತಮಿಳಿನಲ್ಲಿ, "ಅಯ್ಯಾ, ಎದುರುಮನೆ..." ಎಂದಳು. ಎಂ.ಪಿ.ಗೆ ತಮಿಳು ಬರುತ್ತಿರಲಿಲ್ಲ. ಸೀರೆ ನೋಡಿ ಸಂತೋಷಪಟ್ಟರು. "ನೋಡಿ, ಎಷ್ಟು ಚೆನ್ನಾಗಿ ಬೆರೆತಿದ್ದೀವಿ," ಎಂದು ಕ್ವೆಕ್ ಅವರಿಗೆ ಹೇಳಿ ಮುಂದೆ ಹೋದರು.

ಅವಳ ಮಾತನ್ನು ತಮಿಳಿನಿಂದ ಅವರಿಗೆ ಹೇಳಬಹುದಾಗಿದ್ದವನು ನಾನೊಬ್ಬನೇ. ಹತ್ತು ಅಡಿ ದೂರದಲ್ಲಿ ಸಾಲಿನಲ್ಲಿ ನಿಂತಿದ್ದೆ. ಫೋಟೋದವನು ನಗಿ ಎಂದ. ನಾನು ನಕ್ಕೆ. ಕರಪತ್ರದಲ್ಲಿ ನನ್ನ ಹಲ್ಲು ಕಾಣುತ್ತದೆ.

ಎಲ್ಲರೂ ಹೋದ ಮೇಲೆ ಹಜಾರದ ತುಂಬ ತಿಂಡಿಯ ಪೊಟ್ಟಣ ಬಿದ್ದಿದ್ದವು. ಅವಳು ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗುಡಿಸಿದಳು.

ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಒಂದು ವಿಚಾರ ಹೊಳೆಯಿತು. ಅವಳು ಭಾರತೀಯಳಲ್ಲ ಎಂದು ನಿವಾಸಿಗಳ ಸಮಿತಿಯೇ ತೀರ್ಮಾನಿಸಿದೆಯಲ್ಲ. ಅದನ್ನೇ ಬರೆದುಕೊಟ್ಟರೆ ಮನೆ ಸಿಗುತ್ತದೆ. ಕ್ವೆಕ್ ಅವರ ಮುಂದೆ ಹೋಗಿ ನಿಂತೆ.

"ಹಾಗೆ ಬರ್ದುಕೊಡೋಕೆ ಹೇಗಾಗುತ್ತೆ?" ಎಂದರು. "ಕಾರ್ಡಲ್ಲಿ ಭಾರತೀಯ ಅಂತ ಇದೆಯಲ್ಲ."

"ಭಾನುವಾರ ಅಲ್ಲ ಅಂದ್ರಿ, ಸರ್."

"ಭಾನುವಾರ ಫೋಟೋ ಇತ್ತು." ಅವರು ನಿಜವಾಗಿಯೂ ನೊಂದುಕೊಂಡರು. ಕನ್ನಡಕ ತೆಗೆದು ಒರೆಸಿದರು. "ಒಂದು ದಾರಿ ಇದೆ. ಹುಟ್ಟಿಸಿದ ತಂದೆ ಮುನಿಯಾಂಡಿ ಅಲ್ಲ ಅಂತ ಆಕೆ ಪ್ರಮಾಣಪತ್ರ ಮಾಡಿಕೊಡ್ಲಿ. ಇಲಾಖೆಯವರು ಜನಾಂಗ ಬದಲಾಯಿಸೋದನ್ನ ಪರಿಗಣಿಸಬಹುದು. ಚೀನಿ ಆದ್ರೆ ಆ ಬ್ಲಾಕಲ್ಲಿ ಜಾಗ ಇದೆ. ನೀವೇ ಬರೀರಿ. ನೀವು ಚೆನ್ನಾಗಿ ಬರೀತೀರಿ."

ನಾನು ಚೆನ್ನಾಗಿಯೇ ಬರೆದೆ. ಮೂರು ವಾಕ್ಯ. ಅಂಜಲೈ ಅಕ್ಕನಿಗೆ ಮನೆ ಸಿಗುವ ಕಾಗದ ಎಂದೆ. ಅಷ್ಟೇ ಹೇಳಿದೆ. ಪೂರ್ತಿ ಹೇಳಲು ಧೈರ್ಯ ಬರಲಿಲ್ಲ. ತಿಯೋ ಇನ್ನೊಂದು ವಾರ ಮಾತ್ರ ಕಾಯುತ್ತೇನೆ ಎಂದಿದ್ದ. ಕನಕಂ ಅಕ್ಕನ ಬೆನ್ನಿನ ಹುಣ್ಣು ಅಂಗೈಯಷ್ಟಾಗಿತ್ತು.

ಪ್ರಮಾಣ ಮಾಡಿಸುವ ವಕೀಲರ ಕಚೇರಿ ಕೋಪಿ ಅಂಗಡಿಯ ಮೇಲಿತ್ತು. ಅಂಜಲೈ ಅಕ್ಕ ಕೆಲಸದ ನಡುವೆ ಹಳದಿ ಸಮವಸ್ತ್ರದಲ್ಲೇ ಬಂದಳು. ವಕೀಲ ಶಾಯಿಯ ಡಬ್ಬಿ ಮುಂದೆ ತಳ್ಳಿದ. ಅವಳು ಶಾಯಿಗೆ ಹೆಬ್ಬೆರಳು ಒತ್ತಿದಳು. ಬೆರಳು ಕಾಗದದ ಮೇಲೆ ಬರುವ ಮೊದಲು ವಕೀಲ ನನಗೆ, "ಓದಿ ಹೇಳಿ. ಅರ್ಥ ಆಗಿದೆ ಅಂತ ನಾನು ಬರೀಬೇಕು," ಎಂದ.

ಓದಿದೆ. "ಒಂದು, ನಾನು ಮುನಿಯಾಂಡಿ ಎಂಬವರಿಗೆ ಹುಟ್ಟಿದವಳಲ್ಲ. ಎರಡು, ನನ್ನ ಜನನ ನೋಂದಣಿಯಲ್ಲಿ ಅವರು ಕೊಟ್ಟ ಮಾಹಿತಿ ಸುಳ್ಳು. ಮೂರು, ಆದ್ದರಿಂದ ನನ್ನನ್ನು ಚೀನಿ ಜನಾಂಗದವಳೆಂದು ದಾಖಲಿಸಬೇಕು."

ಅವಳ ಹೆಬ್ಬೆರಳು ಗಾಳಿಯಲ್ಲೇ ನಿಂತಿತ್ತು.

"ಎರಡನೇದು ಇನ್ನೊಂದ್ಸಲ ಓದು."

ಓದಿದೆ.

"ಅಪ್ಪನ ಹೆಸರಿನ ಪಕ್ಕ ಸುಳ್ಳು ಅಂತ ಬರ್ದಿದ್ದೀಯಾ?"

"ಅಪ್ಪ ಸುಳ್ಳು ಅಂತಲ್ಲ ಅಕ್ಕಾ. ಮಾಹಿತಿ ಸುಳ್ಳು ಅಂತ."

"ಮಾಹಿತಿ ಕೊಟ್ಟೋನು ಯಾರು?"

"ಅಪ್ಪ."

ವಕೀಲ ಗಡಿಯಾರ ನೋಡಿದ. ಅವಳು ಅವನ ಕಡೆ ನೋಡಲಿಲ್ಲ.

"ನಮ್ಮಪ್ಪ ಚರಂಡಿ ತೋಡೋನು, ತಮ್ಮಾ. ಸೊಂಟದವರೆಗೂ ಹೇಲಲ್ಲಿ ನಿಂತು ಕೆಲಸ ಮಾಡ್ದ. ಅಧಿಕಾರಿ ಕಂಡ್ರೆ ತಲೆ ಎತ್ತುತ್ತಿರ್ಲಿಲ್ಲ. ಬದುಕಿರೋವರ್ಗೂ ಸರ್ಕಾರದ ಮುಂದೆ ಒಂದೇ ಒಂದು ಮಾತು ಆಡ್ದ. ಇದು ನನ್ನ ಮಗು ಅಂತ. ಅದನ್ನ ಸುಳ್ಳು ಅಂತ ನಾನು ಹೆಬ್ಬೆಟ್ಟು ಒತ್ತಲಾ?"

"ಕನಕಂ ಅಕ್ಕನಿಗೋಸ್ಕರ ಅಲ್ವಾ? ಮನೆ ಸಿಗುತ್ತೆ. ಹನ್ನೊಂದು ಹೆಜ್ಜೆ."

"ಕನಕಂ ನಂಗೆ ಯಾರು?"

ನಾನು ಕಾಗದವನ್ನು ಮೇಜಿನ ಮೇಲಿಟ್ಟೆ.

"ಹೇಳು. ಓದಿದೋನಲ್ವಾ ನೀನು? ಅವಳಪ್ಪ ನಮ್ಮಪ್ಪ ಅಲ್ದಿದ್ರೆ ಅವಳು ನಂಗೆ ಯಾರು? ಇದಕ್ಕೆ ಒತ್ತಿ ಎದುರುಮನೆ ತಗೊಂಡು, ಆಮೇಲೆ ಯಾರನ್ನ ಎತ್ಕೊಂಡು ಬರ್ಲಿ? ದಾರೀಲಿ ಹೋಗೋ ಮುದುಕೀನಾ?"

"ಸಹಿ ಇದೆಯೋ ಇಲ್ವೋ?" ಎಂದ ವಕೀಲ. "ಹೊರಗೆ ಜನ ಕಾಯ್ತಿದ್ದಾರೆ."

"ಇಲ್ಲ," ಎಂದಳು. ಹೆಬ್ಬೆರಳನ್ನು ಸಮವಸ್ತ್ರಕ್ಕೆ ಒರೆಸಿಕೊಂಡು ಎದ್ದಳು. ಹಳದಿ ಬಟ್ಟೆಯ ಮೇಲೆ ನೀಲಿ ಕಲೆ. ಅದು ಹೋಗಲಿಲ್ಲ. ಸಮವಸ್ತ್ರ ಕೊಳೆ ಮಾಡಿಕೊಂಡಿದ್ದಕ್ಕೆ ಮೇಡಮ್ ಡೋ ಹೆಸರಿಗೆ ಗುತ್ತಿಗೆದಾರನಿಂದ ಎಚ್ಚರಿಕೆ ಪತ್ರ ಬಂತು. ಅದನ್ನೂ ನಾನೇ ಓದಿ ಹೇಳಿದೆ.

ಮುಂದಿನ ವಾರ ಎದುರುಮನೆಗೆ ಬೇರೆಯವರು ಬಂದರು. ಒಳ್ಳೆಯ ಜನ. ಚೀನಿ.

ಅಂಜಲೈ ಅಕ್ಕ ಕನಕಂ ಅಕ್ಕನನ್ನು ಒಂಬತ್ತನೇ ಬ್ಲಾಕಿಗೆ ಹೊತ್ತುಕೊಂಡು ಹೋದಳು. ಹೊತ್ತುಕೊಂಡು ಎಂದರೆ ಹೊತ್ತುಕೊಂಡೇ. ಸೀರೆಯಿಂದ ಬೆನ್ನಿಗೆ ಕಟ್ಟಿಕೊಂಡು. ಐವತ್ತನಾಲ್ಕು ಮೆಟ್ಟಿಲು. ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ದಿನ ಇಳಿಸಬೇಕು, ಮೂರು ದಿನ ಹತ್ತಿಸಬೇಕು. ಜೈತೋನ್ ಹಿಂದಿನಿಂದ ಸೊಂಟ ತಳ್ಳುತ್ತಾಳೆ. ಶನಿವಾರ ನಾನು ಕಾಲು ಹಿಡಿಯುತ್ತೇನೆ. ಮೂರನೇ ಮಹಡಿಯ ತಿರುವಿನಲ್ಲಿ ಅವಳು ಗೋಡೆಗೆ ಹಣೆ ಕೊಟ್ಟು ನಿಲ್ಲುತ್ತಾಳೆ.

"ಇಳ್ಸಲಾ ಅಕ್ಕಾ?" ಎಂದರೆ, "ಭರ್ತಿ ಆಗಿದ್ದೀನಿ, ಜಾಗ ಇಲ್ಲ, ಮಾತಾಡ್ಸಬೇಡ," ಎನ್ನುತ್ತಾಳೆ.

ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಯಾರೂ ಇಲ್ಲ. ಆದ್ದರಿಂದ ಎರಡು ಗಂಟೆಗೊಮ್ಮೆ ನಲವತ್ತೊಂದನೇ ಬ್ಲಾಕಿನಿಂದ ಒಂಬತ್ತಕ್ಕೆ ಓಡುತ್ತಾಳೆ. ಹುಣ್ಣು ಬೆಳೆಯುವುದು ನಿಂತಿದೆ. ವಾಸಿಯಾಗಿಲ್ಲ.

ಕ್ವೆಕ್ ಅವರು ಇನ್ನೊಂದು ಫೋಟೋಗೆ ಕರೆದರು. ನನಗೆ ಜ್ವರ ಎಂದೆ. ಜ್ವರ ಇರಲಿಲ್ಲ. ನನ್ನ ಬಂಡಾಯ ಅಷ್ಟೇ. ಇನ್ನೂ ಸರಿಯಾದ ಮಾತು ಆಮೇಲೆ ಹೊಳೆಯಿತು. ಹೊಳೆದಾಗ ಅವರು ಫೋನಿಟ್ಟಾಗಿತ್ತು.

ಮತದಾನದ ದಿನ ನನ್ನನ್ನು ಬಡಾವಣೆಯ ಶಾಲೆಯಲ್ಲಿ ಕೆಲಸಕ್ಕೆ ಹಾಕಿದರು. ಮೇಜಿನ ಹಿಂದೆ ಕೂತು ಮತದಾರರ ಕಾರ್ಡು ನೋಡಿ, ಪಟ್ಟಿಯಲ್ಲಿನ ಸಂಖ್ಯೆಯನ್ನೂ ಹೆಸರನ್ನೂ ಎಲ್ಲರಿಗೂ ಕೇಳುವಂತೆ ಓದುವುದು. ಪಕ್ಷಗಳ ಏಜೆಂಟರು ಗುರುತು ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟರಿಂದ ಓದಿದೆ. ನಮ್ಮ ಹೆಂಗಸರ ಹೆಸರು ಬಂದಾಗ ಎಲ್ಲರೂ ಓದುವ ಹಾಗೆ 'ಡಿ ಓ' ಎಂದು ಓದಿದೆ. ಬೇಗ ಆಗುತ್ತದೆ.

ಹತ್ತೂವರೆಗೆ ಸಾಲಿನಲ್ಲಿ ಗಾಲಿಕುರ್ಚಿ ಕಾಣಿಸಿತು. ನಮ್ಮಲ್ಲಿ ಓಟು ಹಾಕದಿದ್ದರೆ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ. ಅದಕ್ಕೆ ಅಂಜಲೈ ಅಕ್ಕ ಕನಕಂ ಅಕ್ಕನನ್ನು ಐವತ್ತನಾಲ್ಕು ಮೆಟ್ಟಿಲು ಇಳಿಸಿಕೊಂಡು ಬಂದಿದ್ದಳು. ಸಮವಸ್ತ್ರದ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಸೊಂಟದ ಹತ್ತಿರ ಆ ನೀಲಿ ಕಲೆ.

ಕನಕಂ ಅಕ್ಕನ ಕಾರ್ಡು ಮೊದಲು ಕೊಟ್ಟಳು. ನಾನು ಪಟ್ಟಿ ನೋಡಿದೆ. ಬಾಯಿ ತೆರೆದೆ. ಡಿ ಓ ಎನ್ನಲು ನಾಲಿಗೆ ಏಳಲಿಲ್ಲ.

"ಕನಕಂ," ಎಂದೆ. "ಮುನಿಯಾಂಡಿಯ ಮಗಳು."

ಪಕ್ಕದಲ್ಲಿದ್ದ ಹಿರಿಯ ಅಧಿಕಾರಿ ತಲೆ ಎತ್ತಿದರು. "ಬರೀ ಡಿ ಓ ಅನ್ನಿ. ಸಾಲು ಉದ್ದ ಇದೆ."

ಅಂಜಲೈ ಅಕ್ಕ ತನ್ನ ಕಾರ್ಡು ಮೇಜಿನ ಮೇಲಿಟ್ಟಳು. ಅಧಿಕಾರಿ ಅದನ್ನು ಕೈಗೆತ್ತಿಕೊಂಡರು. ಕಾರ್ಡು ನೋಡಿದರು. ಮುಖ ನೋಡಿದರು. ಇನ್ನೊಮ್ಮೆ ಕಾರ್ಡು ನೋಡಿದರು. ಗಾಲಿಕುರ್ಚಿಯಲ್ಲಿದ್ದ ಕಪ್ಪು ಮುಖ ನೋಡಿದರು.

"ಇದು ನಿಮ್ಮದೇನಾ, ಮೇಡಮ್?"

"ಹೌದು."

"ಮುನಿಯಾಂಡಿ ಅಂದ್ರೆ..."

"ಅಪ್ಪ."

ಅವರು ನನ್ನ ಕಡೆ ತಿರುಗಿದರು. "ಸರಿ ಇದೆಯಾ ಪಟ್ಟಿಯಲ್ಲಿ?"

ಈ ಕೆಲಸ ಹೋದರೆ ಮತ್ತೆ ಪೆಟ್ಟಿಗೆ ಹೊರುವ ವಯಸ್ಸು ನನ್ನದಲ್ಲ ಎಂದು ಆ ಹೊತ್ತಿನಲ್ಲೂ ಯೋಚಿಸಿದೆ. ಎದ್ದು ನಿಂತೆ. ಕೂತು ಓದಿದರೆ ಸಾಕಾಗಿತ್ತು. ಯಾಕೆ ನಿಂತೆನೋ ಗೊತ್ತಿಲ್ಲ.

"ಅಂಜಲೈ," ಎಂದು ಓದಿದೆ. "ಮುನಿಯಾಂಡಿಯ ಮಗಳು."

ಏಜೆಂಟರು ಗುರುತು ಹಾಕಿಕೊಂಡರು. ಅಧಿಕಾರಿ ಓಟಿನ ಚೀಟಿ ಮುಂದಕ್ಕೆ ಚಾಚಿದರು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

"ಇನ್ನೊಂದ್ಸಲ ಓದು, ತಮ್ಮಾ," ಎಂದಳು. "ನಮ್ಮಕ್ಕನ ಕಿವಿ ಮಂದ."

ಹಿಂದೆ ಐವತ್ತು ಜನರ ಸಾಲು. ಚೀನಿಯರು, ಮಲಯರು, ಭಾರತೀಯರು, ಇತರೆ. ಎಲ್ಲರೂ ಕಾಯುತ್ತಿದ್ದರು.

ನಾನು ಇನ್ನೊಂದು ಸಲ ಓದಿದೆ. ಜೋರಾಗಿ.